ಇನ್ನೂರೈವತ್ತರ ಮೀಟರಿನ ಅಸಲಿ ಬೆಲೆ

ತಂಗಿಯ ಮಗಳಿಗೆ ಮೊನ್ನೆ 1,600 ರೂಪಾಯಿಯ ಮಲ್ಟಿಮೀಟರ್ ಕೊಡಿಸಿದೆ. ಡಿಪ್ಲೊಮಾ ಎರಡನೇ ವರ್ಷದ ಹುಡುಗಿಗೆ ಅಷ್ಟು ದುಡ್ಡು ಯಾಕೆ, ಎಸ್‌.ಪಿ. ರಸ್ತೆಯಲ್ಲಿ 250ಕ್ಕೇ ಸಿಗುತ್ತದಲ್ಲ ಎಂದು ಮನೆಯವರೆಲ್ಲ ಕೇಳಿದರು. ಆ 250ರ ಹಳದಿ ಮೀಟರ್ ಅವಳ ಹತ್ತಿರ ಆಗಲೇ ಇತ್ತು. ಖರ್ಚು ಶುರುವಾದದ್ದೇ ಅದರಿಂದ.

9 ವೋಲ್ಟ್ ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಸರ್ಕಿಟ್ ಕಟ್ಟುತ್ತಿದ್ದಳು. ಬ್ಯಾಟರಿ ಬೇಗ ಇಳಿಯಬಾರದೆಂದು 1 ಮೆಗಾಓಮ್‌ನ ಎರಡು ರೆಸಿಸ್ಟರ್ ಹಾಕಿ ಡಿವೈಡರ್ ಮಾಡಿದ್ದಳು. ನಡುವೆ 4.5 ವೋಲ್ಟ್ ಬರಬೇಕು, ಮೀಟರ್ ತೋರಿಸಿದ್ದು 3. “ಮಾವ, ರೆಸಿಸ್ಟರೇ ಸರಿಯಿಲ್ಲ” ಎಂದು ಹೊಸ ಪ್ಯಾಕೆಟ್ ತಂದಳು. ಆಮೇಲೆ ಹೊಸ ಬ್ಯಾಟರಿ, ಆಮೇಲೆ ಹೊಸ ಬ್ರೆಡ್‌ಬೋರ್ಡ್. ಆಗಲೂ ಮೂರೇ ವೋಲ್ಟ್.

ಲೆಕ್ಕ ಹಾಕಿ ನೋಡಿ. ಆ ಮೀಟರಿನ ಇನ್‌ಪುಟ್ ರೆಸಿಸ್ಟೆನ್ಸ್ 1 ಮೆಗಾಓಮ್. ಕೆಳಗಿನ ರೆಸಿಸ್ಟರಿಗೆ ಪ್ರೋಬ್ ಹಿಡಿದ ಕೂಡಲೇ ಒಂದಕ್ಕೊಂದು ಪ್ಯಾರಲಲ್ ಆಗಿ ಅರ್ಧ ಮೆಗಾಓಮ್ ಉಳಿಯುತ್ತದೆ. ಮೇಲೆ ಒಂದು, ಕೆಳಗೆ ಅರ್ಧ, ಒಟ್ಟು ಒಂದೂವರೆ. 9 ವೋಲ್ಟಿನಲ್ಲಿ ಮೂರನೇ ಒಂದು ಪಾಲು ಕೆಳಗೆ ಬೀಳುತ್ತದೆ, ಅದೇ 3. ರೆಸಿಸ್ಟರ್, ಬ್ಯಾಟರಿ, ಬೋರ್ಡ್ ಎಲ್ಲವೂ ಮೊದಲಿನಿಂದಲೂ ಚೆನ್ನಾಗಿಯೇ ಇದ್ದವು. 10 ಮೆಗಾಓಮ್‌ನ ಮೀಟರ್ ಹಿಡಿದಿದ್ದರೆ ಕೆಳಗೆ 0.91 ಮೆಗಾಓಮ್ ಉಳಿದು 4.29 ವೋಲ್ಟ್ ತೋರಿಸುತ್ತಿತ್ತು. ಅದೂ ಪೂರ್ತಿ 4.5 ಅಲ್ಲ, ಆದರೆ ಯಾರನ್ನೂ ಅಂಗಡಿಗೆ ಓಡಿಸುವುದಿಲ್ಲ. ಇನ್ನು ಆ 1,600ನ್ನು ಓದು ಉಳಿದಿರುವ 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 67 ರೂಪಾಯಿ.

ಹಳದಿ ಮೀಟರಿನ ಮೇಲೆ ನನಗೆ ಇದಕ್ಕಿಂತ ದೊಡ್ಡ ಸಿಟ್ಟಿದೆ. ಅದರ 10 ಆಂಪಿಯರ್ ಸಾಕೆಟ್ಟಿಗೆ ಫ್ಯೂಸೇ ಇಲ್ಲ. ಪಕ್ಕದಲ್ಲೇ ‘ಅನ್‌ಫ್ಯೂಸ್ಡ್’ ಎಂದು ಅಚ್ಚು ಹಾಕಿ ಮಾರುತ್ತಾರೆ! ಕರೆಂಟ್ ಅಳೆದ ಪ್ರೋಬನ್ನು ಅಲ್ಲೇ ಬಿಟ್ಟು ಗೋಡೆಯ 230 ವೋಲ್ಟಿಗೆ ಚುಚ್ಚಿದರೆ ನೇರ ಶಾರ್ಟ್. ಕಲಿಯುವ ಮಕ್ಕಳ ಕೈಗೆ ಇಂಥದ್ದನ್ನು ಕೊಡಲೇಬಾರದು.

ಒಳ್ಳೆ ಮೀಟರ್ ತಂದರೂ ಅಭ್ಯಾಸ ಬೇಕು. ಕರೆಂಟ್ ಅಳೆದಾದ ಮೇಲೆ ಕೆಂಪು ಪ್ರೋಬ್ ವೋಲ್ಟ್ ಸಾಕೆಟ್ಟಿಗೆ ವಾಪಸ್ ಬರಲೇಬೇಕು. ಮೀಟರ್ ಒಳಗಿನ ಬ್ಯಾಟರಿ ಇಳಿದಾಗ ರೀಡಿಂಗ್ ನಂಬಬೇಡಿ, ಅಗ್ಗದ ಮೀಟರುಗಳು ಆಗ ಹೆಚ್ಚು ತೋರಿಸುತ್ತವೆ. ಟ್ರೂ ಆರ್‌ಎಂಎಸ್, ಉಷ್ಣತೆ ಅಳೆಯುವ ತಂತಿ, ಬ್ಲೂಟೂತ್ ಇವಕ್ಕೆ ವಿದ್ಯಾರ್ಥಿಗಳು ಹೆಚ್ಚು ಕೊಡಬೇಕಾಗಿಲ್ಲ. ತಟ್ಟನೆ ಕೂಗುವ ಕಂಟಿನ್ಯುಟಿ ಬಜರ್ ಇದ್ದರೆ ಸಾಕು, ದಿನವೂ ಬೇಕಾಗುವುದು ಅದೇ.

ಲ್ಯಾಬ್ ಸಾಮಾನಿನ ಪಟ್ಟಿಯಲ್ಲಿ ‘ಮಲ್ಟಿಮೀಟರ್ - 1’ ಎಂದಷ್ಟೇ ಬರೆದು ಕಳಿಸುವ ಅಧ್ಯಾಪಕರಲ್ಲಿ ಒಂದು ವಿನಂತಿ. ಅದರ ಮುಂದೆ ‘10 ಮೆಗಾಓಮ್, ಎಲ್ಲ ಕರೆಂಟ್ ಸಾಕೆಟ್ಟಿಗೂ ಫ್ಯೂಸ್’ ಎಂದೂ ಸೇರಿಸಿ. ಅಂಗಡಿಯವನ ಮುಂದೆ ನಿಲ್ಲುವ ಅಪ್ಪ ಅಮ್ಮಂದಿರಿಗೆ ಏನು ಕೇಳಬೇಕೆಂದು ಗೊತ್ತಾಗುತ್ತದೆ.