ನೀರಿನಡಿಯಲ್ಲಿ ಉಸಿರಿನ ಯಂತ್ರ ಕೆಟ್ಟರೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಸೀಮೆಯಲ್ಲಿ ಹುಡುಗರು ಬೆಂಡು ಕಟ್ಟಿಕೊಂಡು ಈಜು ಕಲಿಯುತ್ತಿದ್ದುದು ತೋಟದ ತೆರೆದ ಬಾವಿಗಳಲ್ಲಿ. 'ಮುಳುಗುವಾಗ ಉಸಿರನ್ನು ಬಿಗಿಹಿಡಿ' ಎಂಬುದೇ ಬಾವಿಯ ಮೊದಲ ಪಾಠ. ಈಗ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಕಡಲಿನಲ್ಲಿ ಮುಳುಗುವ ಅವಕಾಶವಿದೆ. ಅಲ್ಲಿ ಉಸಿರಿನ ಯಂತ್ರವೇನಾದರೂ ಕೆಟ್ಟರೆ, ಬಾವಿಯ ಪಾಠವೇ ಪ್ರಾಣಕ್ಕೆ ಎರವಾಗಬಹುದು. ಇದು ಹೇಗೆಂಬುದನ್ನು ವಿಚಾರಿಸೋಣ.

ಕಡಲಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡವು ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಮೇಲ್ಮೈಯಲ್ಲಿ 1 ಇದ್ದದ್ದು 10 ಮೀಟರಿನಲ್ಲಿ 2, 20 ಮೀಟರಿನಲ್ಲಿ 3. ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುವುದೆಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವನ್ನು ನಾವು ಓದಿದ್ದೇವೆ. ಬಾವಿಗೆ ಧುಮುಕುವವನು ಮೇಲೆಯೇ ಉಸಿರೆಳೆದುಕೊಂಡಿರುತ್ತಾನೆ. ಆ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನ ಗಾತ್ರಕ್ಕೆ ಹಿಗ್ಗುತ್ತದೆ, ಅಷ್ಟೆ. ಸಿಲಿಂಡರಿನವನಾದರೋ ಉಸಿರೆಳೆಯುವುದು ಆಳದಲ್ಲಿ. 10 ಮೀಟರಿನಲ್ಲಿ ಅವನ ಶ್ವಾಸಕೋಶದಲ್ಲಿರುವ 5 ಲೀಟರ್ ಗಾಳಿ ಮೇಲ್ಮೈಯಲ್ಲಿ 10 ಲೀಟರ್ ಸ್ಥಳವನ್ನು ಬೇಡುತ್ತದೆ. ಉಸಿರು ಹಿಡಿದು ಏರಿದರೆ ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆಗಳು ರಕ್ತದೊಡನೆ ಮಿದುಳನ್ನು ಸೇರಬಹುದು. ಇದಕ್ಕೆ ಒಂದೆರಡು ಮೀಟರಿನ ಏರಿಕೆಯೂ ಸಾಕು.

ಈಗ ಯಂತ್ರವನ್ನು ನೋಡೋಣ. 1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ ಅವರು ಬೇಡಿಕೆಗೆ ತಕ್ಕಂತೆ ಗಾಳಿಯನ್ನು ಕೊಡುವ ರೆಗ್ಯುಲೇಟರನ್ನು ಮುಳುಗುವವರಿಗಾಗಿ ಸಿದ್ಧಪಡಿಸಿದರು. ಇಂದಿನ ರೆಗ್ಯುಲೇಟರಿಗೆ ಎರಡು ಹಂತಗಳುಂಟು. ಸಿಲಿಂಡರಿನ ಬಾಯಲ್ಲಿರುವ ಮೊದಲನೆಯದು ಸುಮಾರು 200 ವಾಯುಮಂಡಲದ ಒತ್ತಡವನ್ನು, ಸುತ್ತಲ ನೀರಿನ ಒತ್ತಡಕ್ಕಿಂತ ಹತ್ತರಷ್ಟು ಮಾತ್ರ ಹೆಚ್ಚಿರುವಂತೆ ಇಳಿಸುತ್ತದೆ. ಬಾಯಲ್ಲಿರುವ ಎರಡನೆಯದರಲ್ಲಿ ಒಂದು ತೆಳುಪೊರೆಯಿದೆ. ನಾವು ಉಸಿರೆಳೆದಾಗ ಪೊರೆ ಒಳಕ್ಕೆ ಬಾಗಿ, ಸನ್ನೆಯನ್ನೊತ್ತಿ, ಕವಾಟವನ್ನು ತೆರೆಯುತ್ತದೆ.

ಈ ಕವಾಟವನ್ನು ಗಾಳಿಯ ಒತ್ತಡವೇ ತೆರೆಯುವ ಕಡೆಗೆ ನೂಕುವಂತೆ ಸಾಮಾನ್ಯವಾಗಿ ರಚಿಸಿರುತ್ತಾರೆ. ಆದ್ದರಿಂದ ಅದು ಕೆಟ್ಟಾಗ ಗಾಳಿ ನಿಂತುಹೋಗುವುದಕ್ಕಿಂತ, ಭೋರೆಂದು ಸುರಿಯುವುದೇ ಹೆಚ್ಚು. ಆಗ ತುಟಿಗಳನ್ನು ಸಡಿಲಿಸಿ, ಹೆಚ್ಚಿನ ಗಾಳಿಯನ್ನು ಹೊರಬಿಟ್ಟು, ಬೇಕಾದಷ್ಟನ್ನೇ ಹೀರಿಕೊಳ್ಳುತ್ತ ಮೇಲೇರಬೇಕು. ಸಿಲಿಂಡರು ಕೆಲವೇ ನಿಮಿಷಗಳಲ್ಲಿ ಬರಿದಾಗಬಹುದು. ಪೊರೆ ಹರಿದು ನೀರು ಬರುತ್ತಿದ್ದರೆ, ತನ್ನ ಅಥವಾ ಜೊತೆಗಾರನ ಬಳಿಯಿರುವ ಬದಲಿ ಬಾಯಿತುಂಡಿನಿಂದ ಉಸಿರಾಡಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಆ ನಡುವಿನ ಕ್ಷಣದಲ್ಲಿಯೂ ಸಣ್ಣ ಗುಳ್ಳೆಗಳನ್ನು ಬಿಡುತ್ತಲೇ ಇರಬೇಕು.

ಗಾಳಿಯೇ ಮುಗಿದು, ಜೊತೆಗಾರನೂ ದೂರದಲ್ಲಿದ್ದರೆ? ಆಗಲೂ ಬಾಯಿತುಂಡನ್ನು ಉಗುಳಬಾರದು. ತಲೆಯೆತ್ತಿ, 'ಆ' ಎಂದು ಮೆಲ್ಲನೆ ಉಸಿರುಬಿಡುತ್ತ ಏರಬೇಕು. ಒಳಗಿನ ಗಾಳಿ ಹಿಗ್ಗುತ್ತಲೇ ಇರುವುದರಿಂದ ಬಿಡಲು ಉಸಿರಿಗೆ ಕೊರತೆಯಾಗದು. ಏರಿದಂತೆ ಸುತ್ತಲ ಒತ್ತಡ ಇಳಿಯುವುದರಿಂದ, ಬರಿದೆಂದು ತೋರಿದ ಸಿಲಿಂಡರು ಇನ್ನೊಂದೆರಡು ಉಸಿರನ್ನು ಕೊಡುವುದೂ ಉಂಟು! ಬಾವಿಯಲ್ಲಿ ಅಪಾಯವಿಲ್ಲದ ಬಾಯ್ಲನ ನಿಯಮ, ಉಸಿರು ಹಿಡಿದವನಿಗೆ ಇಲ್ಲಿ ಶತ್ರು, ಬಿಟ್ಟವನಿಗೆ ಮಿತ್ರ. ಸಾಮಾನ್ಯವಾಗಿ ನಿಮಿಷಕ್ಕೆ 9 ಮೀಟರ್ ಏರುವುದು ಕ್ಷೇಮ.

ಇಂತಹ ಕೆಡುಕುಗಳಿಗೆ ಉಪ್ಪು, ಮರಳು, ಸವೆದ ರಬ್ಬರು ಮುಖ್ಯ ಕಾರಣಗಳು. ಪ್ರತಿ ಸಲವೂ ಯಂತ್ರವನ್ನು ಸಿಹಿನೀರಿನಲ್ಲಿ ತೊಳೆದು, ತಯಾರಕರು ಹೇಳಿದ ಅವಧಿಗೊಮ್ಮೆ ಬಲ್ಲವರಿಂದ ಬಿಚ್ಚಿಸಿ ನೋಡಿಸಬೇಕು. ಆದರೆ ಮೇಲೆ ಹೇಳಿದ ಕ್ರಮಗಳು ಓದಿದ ಮಾತ್ರಕ್ಕೆ ಕೈಗೂಡುವಂಥವಲ್ಲ. ಗಾಬರಿಯಾದಾಗ ದೇಹವು ತಾನಾಗಿ ಉಸಿರನ್ನು ಬಿಗಿಹಿಡಿಯುತ್ತದೆ. ಆ ಹಳೆಯ ಅಭ್ಯಾಸವನ್ನು ಬಿಡಿಸಿಕೊಳ್ಳಬೇಕಾದದ್ದು ಕಡಲಿಗಿಳಿಯುವ ಮುನ್ನವೇ, ಶಿಕ್ಷಕರ ಎದುರಿನಲ್ಲಿ, ಎದೆಮಟ್ಟದ ನೀರಿನಲ್ಲಿ.