ಶಾಲೆಯ ಊಟಕ್ಕೆ ಕಾಯಿಪಲ್ಲೆ: ಕೈತೊಳೆದ ನೀರಿನ ಲೆಕ್ಕ

ಪತ್ತಿಕೊಂಡದ ಮಾರುಕಟ್ಟೆಯಲ್ಲಿ ಧಾರಣೆ ಬಿದ್ದಾಗ ರೈತರು ಟೊಮೇಟೊ ಹಣ್ಣನ್ನು ರಸ್ತೆಯ ಬದಿಗೆ ಸುರಿದು ಬರಿಗೈಯಲ್ಲಿ ಊರಿಗೆ ಮರಳುವುದನ್ನು ನಮ್ಮ ಸೀಮೆಯವರು ಒಂದಲ್ಲ, ಹಲವು ವರ್ಷ ಕಂಡಿದ್ದಾರೆ. ಅದೇ ದಿನ ಹತ್ತಿರದ ಶಾಲೆಯಲ್ಲಿ ಮಕ್ಕಳ ತಟ್ಟೆಗೆ ಬಿದ್ದ ಸಾರಿನಲ್ಲಿ ಟೊಮೇಟೊ ಚೂರನ್ನು ಹುಡುಕಬೇಕಾಗಿದ್ದರೆ ಆಶ್ಚರ್ಯವಿಲ್ಲ. ಬೆಳೆಯುವವರು ನಾವೇ, ಉಣ್ಣುವ ಮಕ್ಕಳೂ ನಮ್ಮವೇ. ಹೊಲದಿಂದ ಶಾಲೆಗೆ ದಾರಿ ಮಾತ್ರ ಇಲ್ಲ. ರೈತ ಬಾಂಧವರು ಈ ವಿಷಯವನ್ನು ಸ್ವಲ್ಪ ವಿಚಾರಿಸಬೇಕು.

ಶಾಲೆಯಲ್ಲಿ ಊಟ ಹಾಕುವ ಪದ್ಧತಿ ಮದರಾಸು ರಾಜ್ಯದಲ್ಲಿ ಹಳೆಯದು. ೧೯೫೬ರಲ್ಲಿ ಕಾಮರಾಜರು ಅಲ್ಲಿ ಅದನ್ನು ನಡೆಸಿದಾಗ ನಮ್ಮ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನೂ ಮದರಾಸನ್ನೂ ಬಿಟ್ಟು ಆಂಧ್ರಕ್ಕೆ ಸೇರಿ ಮೂರು ವರ್ಷವಾಗಿತ್ತು. ನಮ್ಮ ಪಾಲಿಗೆ ಬಿಸಿಯೂಟ ಬಂದದ್ದು ಬಹಳ ತಡವಾಗಿ. ೨೦೦೧ರ ನವೆಂಬರ್ ೨೮ರಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿದ ಮೇಲೆ ೨೦೦೨ರಲ್ಲಿ ಬಳ್ಳಾರಿ, ರಾಯಚೂರು ಕಡೆಯ ಶಾಲೆಗಳಲ್ಲಿಯೂ ೨೦೦೩ರಲ್ಲಿ ಆಂಧ್ರದ ಶಾಲೆಗಳಲ್ಲಿಯೂ ಒಲೆ ಹೊತ್ತಿತು. ಈಗ ಆಂಧ್ರದಲ್ಲಿ ಈ ಊಟಕ್ಕೆ ಗೋದಾವರಿ ಸೀಮೆಯ ಅನ್ನದಾತೆ ಡೊಕ್ಕಾ ಸೀತಮ್ಮನವರ ಹೆಸರಿದೆ. ಅನ್ನ, ಮೊಟ್ಟೆ, ಚಿಕ್ಕಿ, ರಾಗಿ ಅಂಬಲಿ ಉಂಟು. ಕಡಮೆಯಾಗಿರುವುದು ಹಸಿರು ಸೊಪ್ಪು ಮತ್ತು ಹಣ್ಣು.

ಸರಕಾರದ ಅಳತೆಯಂತೆ ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ ೫೦ ಗ್ರಾಂ, ಆರರಿಂದ ಎಂಟರ ಮಗುವಿಗೆ ೭೫ ಗ್ರಾಂ ಕಾಯಿಪಲ್ಲೆ ಬೀಳಬೇಕು. ನೂರು ಚಿಕ್ಕ ಮಕ್ಕಳಿರುವ ಶಾಲೆಗೆ ದಿನಕ್ಕೆ ಐದು ಕಿಲೋ ಆಯಿತು. ಆದರೆ ಬೇಳೆ, ಎಣ್ಣೆ, ಕಾಯಿಪಲ್ಲೆ, ಮಸಾಲೆ, ಸೌದೆ ಎಲ್ಲಕ್ಕೂ ಸೇರಿ ೨೦೨೫ರ ಮೇ ತಿಂಗಳಿನಿಂದ ಗೊತ್ತುಪಡಿಸಿದ ದರ ಚಿಕ್ಕ ಮಗುವಿಗೆ ೬ ರೂಪಾಯಿ ೭೮ ಪೈಸೆ. ಸಂತೆಯಲ್ಲಿ ಬೆಲೆ ಏರಿದಾಗ ಮೊದಲು ಕುಗ್ಗುವುದು ಕಾಯಿಪಲ್ಲೆಯೇ. ಅಡಿಗೆಯ ತಾಯಂದಿರನ್ನು ಬೈದು ಫಲವಿಲ್ಲ. ಕೋಸಿಗಿ, ಕೌತಾಳಂ ಕಡೆಯಿಂದ ತಂದೆತಾಯಿ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋದಾಗ ಅಜ್ಜಿಯ ಬಳಿ ಉಳಿಯುವ ಮಗುವಿಗೆ ಶಾಲೆಯ ಊಟವೇ ದಿನದ ದೊಡ್ಡ ಊಟ. ಅದರಲ್ಲಿ ಸೊಪ್ಪಿಲ್ಲದಿದ್ದರೆ ಮನೆಯಲ್ಲಿ ಸಿಕ್ಕೀತೆಂಬ ನೆಚ್ಚಿಕೆಯಿಲ್ಲ.

ಹಾಗಾದರೆ ಶಾಲೆಯ ಅಂಗಳದಲ್ಲಿಯೇ ಬೆಳೆಯಬಾರದೇ? ಬೆಳೆಯಬಹುದು. ಕೇಂದ್ರ ಸರಕಾರವು ೨೦೧೯ರಲ್ಲಿ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿಯನ್ನೇ ಹೊರಡಿಸಿದೆ. ಆದರೆ ನಮ್ಮದು ಮಳೆ ಕಡಮೆಯ ಸೀಮೆ. ಬೀಜಕ್ಕಿಂತ ಮೊದಲು ನೀರಿನ ಲೆಕ್ಕ ಮಾಡತಕ್ಕದ್ದು. ಒಂದು ಮಗು ಕೈಯನ್ನೂ ತಟ್ಟೆಯನ್ನೂ ತೊಳೆಯಲು ಒಂದೂವರೆ ಲೀಟರು ಬಳಸುವುದೆಂದಿಟ್ಟುಕೊಳ್ಳಿ. ನೂರು ಮಕ್ಕಳಿಗೆ ೧೫೦ ಲೀಟರು, ಅಂದರೆ ಹತ್ತು ಕೊಡ. ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಸೊಪ್ಪಿನ ಮಡಿಗೆ ಒಣ ದಿನದಲ್ಲಿ ಸುಮಾರು ಒಂದು ಕೊಡ ಬೇಕು. ಆದ್ದರಿಂದ ಹತ್ತು ಮಡಿ ಮಾತ್ರ. ಅರ್ಧ ಎಕರೆ ಖಾಲಿ ಇದ್ದರೂ ಹನ್ನೊಂದನೆಯ ಮಡಿಗೆ ಆಸೆಪಡಬಾರದು. ತೊಳೆದ ನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಹಾಯಿಸಿದರೆ ಅನ್ನದ ಅಗುಳೂ ಜಿಡ್ಡೂ ನಿಲ್ಲುವುವು. ಸಾಬೂನಿನ ನೀರನ್ನು ಬೇರೆ ಕಾಲುವೆಯಿಂದ ಗಿಡಮರಗಳ ಬುಡಕ್ಕೆ ಬಿಡಬೇಕೇ ಹೊರತು ಸೊಪ್ಪಿಗೆ ಬಿಡಬಾರದು.

ಎಂಟು ಮಡಿಗಳಲ್ಲಿ ವಾರಕ್ಕೆ ಎರಡರಂತೆ ರಾಜಗಿರಿ, ಮೆಂತ್ಯೆ ಬಿತ್ತುತ್ತ ಬಂದರೆ ನಾಲ್ಕು ವಾರಕ್ಕೆ ಮೊದಲ ಮಡಿಗಳು ಕೊಯ್ಲಿಗೆ ಬರುವುವು. ಉಳಿದೆರಡರಲ್ಲಿ ಪುಂಡಿ, ಕೊತ್ತಂಬರಿ ಇರಲಿ. ಮಡಿಗೆ ಎರಡು, ಎರಡೂವರೆ ಕಿಲೋ ಹಿಡಿದರೆ ವಾರಕ್ಕೆ ನಾಲ್ಕೈದು ಕಿಲೋ ಸೊಪ್ಪು. ಅದು ಎರಡು ದಿನ ಬೇಳೆಗೆ ಹಾಕುವಷ್ಟೇ ಹೊರತು ವಾರವೆಲ್ಲ ಸಾಲದು. ತೋಟ ಹಾಕಿದರೆ ಎಲ್ಲ ಮುಗಿಯಿತೆಂದು ಭಾಷಣ ಮಾಡುವವರು ಈ ತೂಕವನ್ನು ನೋಡಬೇಕು. ನಮ್ಮ ಎರೆಭೂಮಿಯಲ್ಲಿ ನೀರು ನಿಂತು ಬೇರು ಕೊಳೆಯುವುದರಿಂದ ಮಡಿಗಳನ್ನು ಗೇಣೆತ್ತರ ಏರಿಸಿ, ಬೇಸಗೆಯ ಬಿರುಕಿಗೆ ಶೇಂಗಾ ಸಿಪ್ಪೆಯನ್ನೋ ಜೋಳದ ರವದಿಯನ್ನೋ ಹೊದಿಸಬೇಕು.

ಮಡಿಗಿಂತ ಮರ ನೆಚ್ಚಿಕೆಯದು. ಬೇಸಗೆ ರಜೆಯಲ್ಲಿ ನೀರು ಹೊಯ್ಯುವವರಿಲ್ಲದೆ ಸೊಪ್ಪಿನ ಮಡಿ ಒಣಗಿದರೂ ಬೇರು ಬಿಟ್ಟ ನುಗ್ಗಿ ಒಣಗದು. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿ.ಕೆ.ಎಂ.-೧ ನುಗ್ಗಿಯನ್ನು ಬೀಜದಿಂದಲೇ ಬೆಳೆಸಬಹುದು. ಮೂರಡಿಯಾದಾಗ ತುದಿ ಚಿವುಟಿದರೆ ಕವಲೊಡೆದು ಮಕ್ಕಳ ಕೈಗೆಟುಕುವಂತೆ ಸೊಪ್ಪು ಕೊಡುವುದು. ಇದರ ಸೊಪ್ಪಿನಲ್ಲಿ ಕಬ್ಬಿಣವೂ, ಇರುಳುಗಣ್ಣನ್ನು ತಡೆಯುವ ಎ ಜೀವಸತ್ವದ ಮೂಲವೂ ಉಂಟು. ಎ ಸತ್ವ ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು. ಕಬ್ಬಿಣ ಹತ್ತಲು ಹುಳಿಹಣ್ಣಿನ ಸಿ ಸತ್ವ ಬೇಕು. ಸಿ ಸತ್ವ ಕುದಿಸಿದರೆ ಹಾಳಾಗುವುದರಿಂದ ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡತಕ್ಕದ್ದು. ಪೇರಲದಲ್ಲಿ ಇದು ಕಿತ್ತಲೆಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಪೇಟೆಯ ಸೇಬಿಗೆ ಕೊಡುವ ಮರ್ಯಾದೆಯನ್ನು ನಾವು ಪೇರಲಕ್ಕೆ ಕೊಡದಿರುವುದು ವಿಚಿತ್ರ. ನಾಲ್ಕು ನುಗ್ಗಿ, ನಾಲ್ಕು ಪೇರಲ, ಎರಡು ನಿಂಬೆ, ಒಂದು ಕರಿಬೇವು, ದಿಬ್ಬದ ಮೇಲೆ ಐದಾರು ಪಪ್ಪಾಯಿ ಇದ್ದರೆ ಚಿಕ್ಕ ಶಾಲೆಗೆ ಆರಂಭಕ್ಕೆ ಸಾಕು.

ಒಂದು ಎಚ್ಚರಿಕೆ. ಹತ್ತಿಗೆ ಹೊಡೆದ ಔಷಧಿಯ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಶಾಲೆಯ ಗಿಡಕ್ಕೆ ನೀರು ಹೊರಲು ತರಬಾರದು. ಪಕ್ಕದ ಹೊಲದವರು ಗಾಳಿ ಶಾಲೆಯ ಕಡೆಗೆ ಬೀಸುವಾಗ ಔಷಧಿ ಹೊಡೆಯಬಾರದು.

ತೋಟಕ್ಕೆ ಸಾಲದ್ದನ್ನು ಊರು ತುಂಬಬೇಕು. ಹೊಲಕ್ಕೆ ಕಾಲುವೆಯ ನೀರೋ ಬೋರಿನ ನೀರೋ ಇದ್ದು ಬದನೆ, ಬೆಂಡೆ, ಹೀರೆ, ಟೊಮೇಟೊ ಬೆಳೆಯುವ ಇಪ್ಪತ್ತು ಮನೆಗಳು ಸರದಿಯಂತೆ ದಿನಕ್ಕೊಂದು ಮನೆಯಿಂದ ಮೂರು ಕಿಲೋ ಕೊಟ್ಟರೆ ಒಬ್ಬರಿಗೆ ತಿಂಗಳಿಗೊಮ್ಮೆ ಬರುವುದು. ಔಷಧಿ ಹೊಡೆದಿದ್ದರೆ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ಸರದಿಯನ್ನು ಮುಂದೂಡಬೇಕು. ಹಬ್ಬ, ಉರುಸು, ಮಗುವಿನ ಹುಟ್ಟಿದ ದಿನಗಳಲ್ಲಿ ಊರವರು ಶಾಲೆಗೆ ಊಟ ಕೊಡುವುದಕ್ಕೆ ತಿಥಿಭೋಜನವೆಂದು ಸರಕಾರವೇ ಅವಕಾಶವಿಟ್ಟಿದೆ. ಆ ದಿನ ಮಿಠಾಯಿಯ ಬದಲು ಒಂದು ಬುಟ್ಟಿ ಪೇರಲವೋ ಬಾಳೆಯೋ ಬರಲಿ. ಕೊಟ್ಟದ್ದನ್ನು ತೂಗಿ, ಮಾಸ್ತರರು ಪುಸ್ತಕದಲ್ಲಿ ಬರೆದು, ಹಲಗೆಯ ಮೇಲೂ ಬರೆಯಬೇಕು. ಲೆಕ್ಕ ಕಾಣದಿದ್ದರೆ ಎರಡನೆಯ ತಿಂಗಳಿಗೆ ಸರದಿ ನಿಲ್ಲುವುದು.

ಗುಂಡಿಗಳನ್ನು ರಜೆಯಲ್ಲಿಯೇ ಒಂದೂವರೆ ಅಡಿ ಆಳ, ಅಷ್ಟೇ ಅಗಲ ತೋಡಿ ಬಿಸಿಲಿಗೆ ಬಿಡಿ. ಕೊಳೆತ ಕೊಟ್ಟಿಗೆಗೊಬ್ಬರವನ್ನು ಮೇಲ್ಮಣ್ಣಿನೊಡನೆ ಬೆರೆಸಿ ತುಂಬಿ, ಮೃಗಶಿರದ ಮಳೆ ಬಿದ್ದು ಶಾಲೆ ತೆರೆದ ವಾರದಲ್ಲಿ ಸಸಿ ನೆಡಬಹುದು. ಪ್ರತಿ ಸಸಿಯ ಪಕ್ಕದಲ್ಲಿ ತಳಕ್ಕೆ ಸಣ್ಣ ತೂತು ಮಾಡಿ ಬತ್ತಿ ಸಿಕ್ಕಿಸಿದ ಹಳೆಯ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂತರೆ, ಮುಂದಿನ ಬೇಸಗೆಯಲ್ಲಿ ವಾರಕ್ಕೆರಡು ಸಲ ಅದನ್ನು ತುಂಬಿಸಿದರಾಯಿತು. ಆ ಕೆಲಸವನ್ನು ಶಾಲೆಗೆ ಹತ್ತಿರದ ಎರಡು ಮನೆಯವರಿಗೆ ಈಗಲೇ ಒಪ್ಪಿಸಿಡಿ.