ಗಡ್‌ಬಡ್, ಸಂಡೇ ಮತ್ತು ನಮ್ಮ ಹಾಲು



ಮೂಡುಬಿದಿರೆಗೋ ಬಿ.ಸಿ.ರೋಡಿಗೋ ಮಕ್ಕಳೊಡನೆ ಹೋದಾಗ ಐಸ್‌ಕ್ರೀಂ ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ‘ಗಡ್‌ಬಡ್’ ಹೊಸತಲ್ಲ. ಉದ್ದನೆಯ ಗಾಜಿನ ಲೋಟದಲ್ಲಿ ಎರಡು ಮೂರು ಬಗೆಯ ಐಸ್‌ಕ್ರೀಂ, ನಡುವೆ ಜೆಲ್ಲಿ ಮತ್ತು ಹಣ್ಣಿನ ಹೋಳು, ಮೇಲೆ ಗೇರುಬೀಜ, ಒಣದ್ರಾಕ್ಷಿ. ಹೊರದೇಶದಲ್ಲಿ ಇಂತಹ ತಿನಿಸಿಗೆ ‘ಸಂಡೇ’ ಎನ್ನುತ್ತಾರೆ.

ಸಂಡೇ ಎಂದರೇನು?

ಐಸ್‌ಕ್ರೀಂ ಮೇಲೆ ಸಿಹಿ ಪಾಕ ಸುರಿದು, ಹಣ್ಣು, ಬೀಜಗಳಿಂದ ಅಲಂಕರಿಸಿದ್ದೇ ಸಂಡೇ. ಹುಟ್ಟೂರು ನಮ್ಮದೆಂದು ಅಮೆರಿಕದ ಹಲವು ಊರುಗಳ ವಾದ. ಟೂ ರಿವರ್ಸ್ ಊರಿನವರು 1881ನೇ ಇಸವಿ ಹೇಳುತ್ತಾರೆ. ಇಥಾಕಾ ಊರಿನವರು 1892ರ ಏಪ್ರಿಲ್ ತಿಂಗಳ ಪತ್ರಿಕಾ ಜಾಹೀರಾತನ್ನೇ ತೋರಿಸುತ್ತಾರೆ. ಅದರಲ್ಲಿದ್ದ ಹೆಸರು ‘ಚೆರ್ರಿ ಸಂಡೇ’, ಅಂದರೆ ಭಾನುವಾರ. ಭಾನುವಾರ ಐಸ್‌ಕ್ರೀಂ ಸೋಡಾ ಮಾರಬಾರದೆಂಬ ನಿರ್ಬಂಧವಿದ್ದ ಕಡೆ, ಸೋಡಾ ಬಿಟ್ಟು ಪಾಕ ಮಾತ್ರ ಸುರಿದು ಕೊಟ್ಟರೆಂಬ ಕಥೆಯೂ ಇದೆ. ಮುಂದೆ ಇಂಗ್ಲಿಷಿನಲ್ಲಿ ಹೆಸರಿನ ಅಕ್ಷರಗಳು ಬದಲಾದವು, ಉಚ್ಚಾರ ಉಳಿಯಿತು.

ನಮ್ಮ ಗಡ್‌ಬಡ್

ಗಡ್‌ಬಡ್ ಎಂದರೆ ಗಡಿಬಿಡಿ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಲೋಟಕ್ಕೆ ಹಾಕಿ ಕೊಟ್ಟದ್ದರಿಂದ ಈ ಹೆಸರು ಬಂತೆಂದು ಹೇಳುವುದುಂಟು. ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತೆಂಬುದು ಪ್ರತೀತಿ. 1975ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಐಡಿಯಲ್ ಐಸ್‌ಕ್ರೀಂ ಅಂಗಡಿಗಳಲ್ಲಿಯೂ ಇದು ಮನೆಮಾತಾಯಿತು.

ಹೈನುಗಾರರಿಗೆ ಇದರಿಂದೇನು?

ಲೋಟದಲ್ಲಿ ಏನೇ ಬೆರೆತರೂ ಮುಖ್ಯ ವಸ್ತು ಐಸ್‌ಕ್ರೀಂ. ಆಹಾರ ಸುರಕ್ಷತಾ ನಿಯಮದಂತೆ ‘ಐಸ್‌ಕ್ರೀಂ’ ಎಂದು ಮಾರುವುದರಲ್ಲಿ ಶೇ. 10ಕ್ಕೆ ಕಡಿಮೆಯಿಲ್ಲದಂತೆ ಹಾಲಿನ ಜಿಡ್ಡು ಇರಬೇಕು. ಜಿಡ್ಡು ಇದಕ್ಕಿಂತ ಕಡಿಮೆಯಿದ್ದರೆ ‘ಮೀಡಿಯಂ ಫ್ಯಾಟ್’ ಅಥವಾ ‘ಲೋ ಫ್ಯಾಟ್’ ಎಂದು ನಮೂದಿಸಬೇಕು. ಲೆಕ್ಕ ಹಾಕಿ ನೋಡಿ: ಒಂದು ಕಿಲೋ ಐಸ್‌ಕ್ರೀಂಗೆ 100 ಗ್ರಾಂ ಜಿಡ್ಡು. ಶೇ. 3.5 ಜಿಡ್ಡಿರುವ ದನದ ಹಾಲಾದರೆ ಸುಮಾರು 2.8 ಲೀಟರಿನ ಜಿಡ್ಡು ಅದಕ್ಕೆ ಬೇಕು.

ಹಾಲಿನ ಜಿಡ್ಡಿಗೆ ಬದಲು ತಾಳೆಎಣ್ಣೆಯಂತಹ ಸಸ್ಯಜನ್ಯ ಕೊಬ್ಬು ಬಳಸಿದ್ದು ‘ಫ್ರೋಜನ್ ಡೆಸರ್ಟ್’. ಅದನ್ನು ಮಾರುವುದು ತಪ್ಪಲ್ಲ. ಐಸ್‌ಕ್ರೀಂ ಎಂದು ಹೆಸರಿಸಿ ಮಾರುವಂತಿಲ್ಲ. ನೋಟಕ್ಕೆ ಎರಡೂ ಒಂದೇ. ನಾವೇ ಹಾಲು ಹಾಕುವವರಾಗಿ, ಮಕ್ಕಳಿಗೆ ಎಣ್ಣೆಯದನ್ನು ತಿಳಿಯದೆ ಕೊಡಿಸಿದರೆ ಹೇಗೆ? ಡಬ್ಬಿಯ ಮೇಲಿನ ಬರಹ ಓದಿಯೇ ಕೊಳ್ಳಿ.

ನಮ್ಮ ಹೊಣೆಯೂ ಇದೆ. ಹುಳಿಯಾದ ಹಾಲು ಕಾಯಿಸಿದರೆ ಒಡೆಯುತ್ತದೆ. ಅದರಿಂದ ಒಳ್ಳೆಯ ಐಸ್‌ಕ್ರೀಂ ಆಗದು. ಬಂಟ್ವಾಳದ ಸಂಘವಾಗಲಿ, ಬೆಳ್ತಂಗಡಿಯ ಸಂಘವಾಗಲಿ, ಒಬ್ಬರ ಹುಳಿ ಹಾಲು ಹತ್ತು ಮಂದಿಯ ಕ್ಯಾನನ್ನು ಕೆಡಿಸೀತು. ಕೆಚ್ಚಲು, ಕೈ, ಪಾತ್ರೆ ಶುಚಿಯಾಗಿರಲಿ. ಕರೆದ ಹಾಲು ತಡವಿಲ್ಲದೆ ಸಂಘಕ್ಕೆ ಬರಲಿ.

ಮುಂದಿನ ಬಾರಿ ಗಡ್‌ಬಡ್ ಲೋಟಕ್ಕೆ ಚಮಚ ಹಾಕುವ ಮುನ್ನ ಒಂದು ಮಾತು ಕೇಳಿ: “ಇದು ಹಾಲಿನ ಐಸ್‌ಕ್ರೀಮೇ?”